ಹುಣ್ಣಿಮೆ ನೋಡಿಕೊಂಡು ಟಿಕೆಟ್ ಮಾಡಿಸಿ: ವಿಯೆಟ್ನಾಂಗೆ ಇಂಗ್ಲಿಷ್ ಪಾಠ ಹೇಳಲು ಹೊರಟ ಸಸ್ಯಾಹಾರಿಗಳಿಗೆ

ನಾನು ತೀರ್ಥಹಳ್ಳಿಯವಳು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದಿ, ಆರು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿ, 2022ರ ಆಗಸ್ಟ್ ಮೊದಲ ವಾರ ವಿಯೆಟ್ನಾಂನ ಹ್ವೇ ಊರಿಗೆ ಬಂದಿಳಿದೆ. ಅಲ್ಲಿನ ಒಂದು ಭಾಷಾ ಕೇಂದ್ರದಲ್ಲಿ ಕೆಲಸ. ಹೊರಡುವ ಮುಂಚೆ ಸಂಬಳದ ಬಗ್ಗೆ, ಮನೆಯ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. ಅಮ್ಮನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಊಟಕ್ಕೆ ಏನೇ ಮಾಡ್ತೀಯ?"

ಎರಡು ವರ್ಷ ಅಲ್ಲಿ ಹೊಟ್ಟೆ ತುಂಬ ಉಂಡೆ. ಮೊಟ್ಟೆ ಕೂಡ ತಿನ್ನದವಳು ನಾನು. ಈಗ ಅದೇ ದಾರಿಯಲ್ಲಿ ಹೊರಟವರು ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಶುರು ಮಾಡಬೇಡಿ. "ಬನ್ನಿ, ಆಮೇಲೆ ನೋಡೋಣ" ಅನ್ನುವ ಸಂಸ್ಥೆಯನ್ನು ಬಿಟ್ಟುಬಿಡಿ. ನನಗೂ ಒಂದು ಕಡೆಯಿಂದ ಹಾಗೆ ಹೇಳಿದ್ದರು, ನಾನು ಒಪ್ಪಲಿಲ್ಲ. ಕೆಲಸದ ಪರವಾನಗಿ ಬೇಕೇ ಬೇಕು. ಅದಕ್ಕೆ ಡಿಗ್ರಿ, ಬೋಧನಾ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಬೇಕಾಗುತ್ತವೆ. ನಾನು ಹೋದಾಗ ಇವೆಲ್ಲ ಮೊದಲು ನಮ್ಮ ವಿದೇಶಾಂಗ ಇಲಾಖೆಗೆ ಹೋಗಿ, ಆಮೇಲೆ ದೆಹಲಿಯ ವಿಯೆಟ್ನಾಂ ರಾಯಭಾರ ಕಚೇರಿಯ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಎರಡು ತಿಂಗಳು ಹಿಡಿಯಿತು. ನಿಯಮ ಬದಲಾಗುತ್ತಲೇ ಇರುತ್ತದೆ, ಹೊರಡುವ ವರ್ಷದ ನಿಯಮವನ್ನು ನೀವೇ ಕೇಳಿ ತಿಳಿದುಕೊಳ್ಳಿ.

ಇನ್ನು ಊಟ.

ಒಂದು ಮಾತು, ಅದರ ಬಾಲ

ವಿಯೆಟ್ನಾಂನಲ್ಲಿ ಸಸ್ಯಾಹಾರಕ್ಕೆ 'ಚಯ್' ಅನ್ನುತ್ತಾರೆ. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಅಂತ ಇಂಗ್ಲಿಷಿನ ನಾಲ್ಕೇ ಅಕ್ಷರ, ತಲೆಯ ಮೇಲೆ ಯಾವ ಗುರುತೂ ಇಲ್ಲ. ಹೇಳುವಾಗ 'ಚ' ಗಿಡ್ಡಕ್ಕಿರಲಿ. 'ಚಾಯ್' ಅಂತ ಎಳೆದರೆ ಅದು ಬಾಟಲಿ ಆಗುತ್ತದೆ.

ಇದು ಹೊಸ ಕಾಲದ ಪಥ್ಯವಲ್ಲ. ಬೌದ್ಧರ ಹಳೆಯ ಪದ್ಧತಿ. ಭಿಕ್ಷುಗಳು, ಭಿಕ್ಷುಣಿಯರು ಯಾವಾಗಲೂ ಚಯ್ ಉಣ್ಣುತ್ತಾರೆ. ಸಂಸಾರಸ್ಥರಲ್ಲಿ ತುಂಬ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಉಣ್ಣುತ್ತಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ ಇದ್ದ ಹಾಗೆ. ಹುಣ್ಣಿಮೆಗೆ ಅವರು 'ರಮ್' ಅನ್ನುತ್ತಾರೆ. ಕೆಲವರು ಹಿಂದಿನ ದಿನವನ್ನೂ ಸೇರಿಸಿ ತಿಂಗಳಿಗೆ ನಾಲ್ಕು ದಿನ ಮಾಡುತ್ತಾರೆ. ಕಟ್ಟುನಿಟ್ಟಾಗಿ ಮಾಡುವವರು ಮೊಟ್ಟೆ ಬಿಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ಅಜ್ಜಿ ಚಾತುರ್ಮಾಸ್ಯದಲ್ಲಿ ಮಾಡುತ್ತಿದ್ದ ಅಡಿಗೆ ನೆನಪಾಯಿತು ನನಗೆ.

ಇಲ್ಲೇ ಒಂದು ಸೂಕ್ಷ್ಮ ಇದೆ, ನನಗೆ ತಿಳಿದದ್ದು ತಿಂಗಳಾದ ಮೇಲೆ. ನಾನು ಬಂದದ್ದು ಅವರ ಏಳನೆಯ ತಿಂಗಳಲ್ಲಿ. ಆ ತಿಂಗಳ ಹುಣ್ಣಿಮೆಗೆ 'ವು ಲಾನ್' ಹಬ್ಬ, ತಂದೆತಾಯಿಯನ್ನು, ತೀರಿಕೊಂಡ ಹಿರಿಯರನ್ನು ನೆನೆಯುವ ದಿನ. ಎಷ್ಟೋ ಮನೆಗಳಲ್ಲಿ ತಿಂಗಳಿಡೀ ಚಯ್. ಬೀದಿಬೀದಿಯಲ್ಲಿ ಚಯ್ ಅಂಗಡಿ, ಮಾಂಸದ ಅಂಗಡಿಯವರೂ ಹಲಗೆ ತಿರುಗಿಸಿ ಚಯ್ ಮಾರುತ್ತಿದ್ದರು. ಈ ಊರಿಗೆ ಊರೇ ನಮ್ಮ ಹಾಗೆ ಅಂತ ಅಮ್ಮನಿಗೆ ಖುಷಿಯಿಂದ ಹೇಳಿದ್ದೆ. ಸಹೋದ್ಯೋಗಿಗಳಿಗೆ 'ಎಮ್ ಅನ್ ಚಯ್', ಅಂದರೆ ನಾನು ಚಯ್ ಉಣ್ಣುತ್ತೇನೆ ಅಂದರೆ ಎಲ್ಲರೂ ತಲೆಯಾಡಿಸುತ್ತಿದ್ದರು.

ತಿಂಗಳು ಮುಗಿಯಿತು. ಹಲಗೆಗಳು ತಿರುಗಿದವು. ಮರುವಾರ ನನ್ನ ಜೊತೆಯ ಟೀಚರ್ ಒಬ್ಬರು ಪ್ರೀತಿಯಿಂದ ಬಿಸಿ ಬನ್ ತಂದುಕೊಟ್ಟರು. ಮುರಿದರೆ ಒಳಗೆ ಮಾಂಸ. ನಾನು ಸುಮ್ಮನೆ ನಿಂತುಬಿಟ್ಟೆ. ಅವರೂ ಗಾಬರಿಯಾದರು. "ಚಯ್ ಮುಗಿಯಿತಲ್ಲ?" ಅಂದರು. ನಾನು ಹೇಳಿದ್ದು ಅವರ ಕಿವಿಗೆ 'ಇವತ್ತು ನನಗೆ ಒಪ್ಪೊತ್ತು' ಅಂದ ಹಾಗೆ ಕೇಳಿತ್ತು.

ಸರಿಯಾದ ಮಾತು 'ಅನ್ ಚಯ್ ತ್ರುವಂಗ್'. ಕೊನೆಯ 'ತ್ರುವಂಗ್' ಸೇರಿಸಿದರೆ ಯಾವಾಗಲೂ ಚಯ್, ಬದುಕಿಡೀ ಚಯ್ ಅಂತ ಅರ್ಥ. ಅದನ್ನು ಕೇಳಿದ ಕೂಡಲೇ ಜನರ ಮುಖದಲ್ಲಿ ಒಂದು ಗೌರವ ಬರುತ್ತದೆ. "ಯಾಕೆ, ಏನು" ಅಂತ ಆಮೇಲೆ ಯಾರೂ ಕೇಳಲಿಲ್ಲ. ವಿಮಾನ ಹತ್ತುವ ಮುಂಚೆ ಈ ಮೂರು ಪದ ಬಾಯಿಪಾಠ ಮಾಡಿ.

ಕಾಣದೆ ಬರುವ ಮಾಂಸ, ಮೀನು

ಮೊದಲ ತಿಂಗಳು ಚಯ್ ಅಂಗಡಿ ಬಿಟ್ಟು ಬೇರೆ ಕಡೆ ಊಟ ಮಾಡಬೇಡಿ. ಇದು ನನ್ನ ಖಡಾಖಂಡಿತ ಮಾತು. ಮಾಮೂಲಿ ಹೋಟೆಲಿನಲ್ಲಿ 'ಮಾಂಸ ಬೇಡ' ಅಂದರೆ ಮಾಂಸ ಹಾಕುವುದಿಲ್ಲ, ನಿಜ. ಆದರೆ 'ನುವಕ್ ಮಮ್' ಹಾಕುತ್ತಾರೆ. ಅದು ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ. ಅವರಿಗೆ ಅದು ಉಪ್ಪಿನ ಸಮ, ಮೀನು ಅಂತ ಲೆಕ್ಕಕ್ಕೇ ಬರುವುದಿಲ್ಲ. ಹ್ವೇಯಲ್ಲಿ ಅದರ ಜೊತೆಗೆ ಸೀಗಡಿ ಅರೆದು ಮಾಡಿದ ಗಟ್ಟಿ ಪೇಸ್ಟ್ ಬೇರೆ ಇದೆ. ಅದಿಲ್ಲದೆ ಆ ಊರಿನ ಮಾಂಸದಡಿಗೆ ಇಲ್ಲ.

ಇನ್ನೊಂದು 'ಹಾತ್ ನೇಮ್'. ನೋಡಲು ಹರಳುಪ್ಪಿನಂಥ ಮಸಾಲೆ ಪುಡಿ, ಮಾಮೂಲಿ ಪೊಟ್ಟಣದಲ್ಲಿ ಹಂದಿ ಮಾಂಸ, ಮೂಳೆಯ ಸಾರ ಇರುತ್ತದೆ. ಬರೀ ಸೊಪ್ಪಿನ ಪಲ್ಯಕ್ಕೂ ಒಂದು ಚಮಚ ಉದುರಿಸುತ್ತಾರೆ. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ 'ಚಯ್' ಅಂತ ಇರುವ ಅಣಬೆಯ ಪುಡಿ ತೆಗೆದುಕೊಳ್ಳಿ, ಅದೂ ಸಿಗುತ್ತದೆ. ಕೆಲವು ತಿಂಡಿಗಳ ಮೇಲೆ ಈರುಳ್ಳಿ ಸೊಪ್ಪಿನ ಎಣ್ಣೆ ಸುರಿಯುತ್ತಾರೆ, ಅದು ಹಂದಿ ಕೊಬ್ಬೂ ಆಗಿರಬಹುದು. ಬ್ರೆಡ್ಡಿನೊಳಗೆ ಬಳಿಯುವ ಕಂದು ಪೇಸ್ಟ್ ಪಿತ್ತಜನಕಾಂಗದ್ದು.

ಸಿಹಿಯಾದರೂ ಕೇಳಿ ತಿನ್ನಿ. ಹ್ವೇಯ ಸಿಹಿ ಪಾಯಸಗಳಿಗೆ 'ಚೆ' ಅನ್ನುತ್ತಾರೆ. ನೂರು ಬಗೆ ಇವೆ, ಮುಕ್ಕಾಲು ಪಾಲು ನಾವು ತಿನ್ನಬಹುದಾದವು. ಆದರೆ ಒಂದರಲ್ಲಿ ಪಾರದರ್ಶಕ ಹಿಟ್ಟಿನ ಸಣ್ಣ ಉಂಡೆಗಳಿರುತ್ತವೆ, ಉಂಡೆಯೊಳಗೆ ಸುಟ್ಟ ಹಂದಿ ಮಾಂಸ. ಅದು ಆ ಊರಿನ ಹೆಮ್ಮೆಯ ತಿಂಡಿ.

ಚಯ್ ಅಂಗಡಿಯ ಒಳಗೆ ಹೋದರೆ ಈ ಯಾವ ಚಿಂತೆಯೂ ಇಲ್ಲ. ಅಲ್ಲಿ ಬೇರೆ ತರಹದ ಗಾಬರಿ. ತಟ್ಟೆಯಲ್ಲಿ ಮೀನಿನ ಆಕಾರ ಬಂದು ಕೂರುತ್ತದೆ. ಪಟ್ಟಿಯಲ್ಲಿ ದನದ ಹೆಸರು, ಕೋಳಿಯ ಹೆಸರು ಇರುತ್ತದೆ. ಹೆಸರಿನ ಕೊನೆಗೆ 'ಚಯ್' ಇದ್ದರೆ ಅದು ಸೋಯಾ, ಗೋಧಿ ಅಂಟು, ಅಣಬೆಯಿಂದ ಮಾಡಿದ್ದು. ನನಗೆ ಆ ಆಕಾರ ಕೊನೆವರೆಗೂ ಸೇರಲಿಲ್ಲ. ಬೆರಳು ತೋರಿಸಿ ತೋಫು, ಸೊಪ್ಪು, ಗುಜ್ಜೆ ಮಾತ್ರ ಹಾಕಿಸಿಕೊಳ್ಳುತ್ತಿದ್ದೆ. ಅನ್ನದ ತಟ್ಟೆ ನಾನಿದ್ದಾಗ 25,000 ಡಾಂಗ್ ಆಸುಪಾಸು. ರೂಪಾಯಿಗೆ ಸುಮಾರು 300 ಡಾಂಗ್ ಅಂತ ಲೆಕ್ಕ ಹಾಕಿ, ಸೊನ್ನೆ ನೋಡಿ ಹೆದರಬೇಡಿ.

ಮಾರುಕಟ್ಟೆಯಲ್ಲಿ ನಮ್ಮವರು

ದೋಂಗ್ ಬಾ ಮಾರುಕಟ್ಟೆಗೆ ಬೆಳಿಗ್ಗೆ ಆರಕ್ಕೇ ಹೋಗಿ. ಹೊಳೆಯ ಪಕ್ಕದಲ್ಲೇ ಇದೆ. ನಾನು ಮೊದಲ ಸಲ ಹೋದಾಗ ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ಬಸಳೆ ಕಂಡೆ. ನಮ್ಮ ಹಿತ್ತಲಿನ ಬಸಳೆಯೇ! ದಪ್ಪ ಎಲೆ, ಲೋಳೆ ಎಲ್ಲ ಅದೇ. ಅವರು 'ಮೋಂಗ್ ತೊಯ್' ಅನ್ನುತ್ತಾರೆ. ಪಕ್ಕದಲ್ಲಿ ಬಾಳೆ ಹೂವು, ಆಚೆಗೆ ಎಳೆ ಹಲಸು, ತುಪ್ಪದ ಹೀರೆ, ಹಾಗಲ, ಬೂದುಗುಂಬಳ. ಹುಣಸೆ, ತೆಂಗಿನಕಾಯಿ, ಹಸಿ ಅರಿಶಿನ, ಕೊತ್ತಂಬರಿ ಎಲ್ಲ ಇವೆ. ಕರಿಬೇವು ಮಾತ್ರ ಎರಡು ವರ್ಷದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಹ್ವೇಯಲ್ಲಿ ಮಾರುವ ಹೆಂಗಸರನ್ನು 'ಓ' ಅಂತ ಕರೆಯಿರಿ. ಆ ಊರಿನ ಮಾತಿನಲ್ಲಿ ಸೋದರತ್ತೆಗೆ ಹಾಗೆ ಅನ್ನುವುದು. ನನ್ನ ಮನೆಯೊಡತಿಯನ್ನೂ ಓ ಅಂತಲೇ ಕರೆಯುತ್ತಿದ್ದೆ.

ಬೇಳೆಯ ವಿಷಯ ಗಮನ ಇಟ್ಟು ಓದಿ. ಹಳದಿ ಹೆಸರುಬೇಳೆ ಧಾರಾಳವಾಗಿ ಸಿಗುತ್ತದೆ, ಅವರು ಅದನ್ನು ಸಿಹಿಗೆ, ಅಂಟು ಅಕ್ಕಿಯ ಅನ್ನಕ್ಕೆ ಹಾಕುತ್ತಾರೆ. ಅದರಲ್ಲಿ ತೊವ್ವೆ, ಹುಗ್ಗಿ, ಬಸಳೆ ಹುಳಿ ಎಲ್ಲ ಆಗುತ್ತದೆ. ತೊಗರಿಬೇಳೆ ಹ್ವೇಯಲ್ಲಿ ನನಗೆ ಸಿಗಲಿಲ್ಲ. ಹೋ ಚಿ ಮಿನ್ ನಗರದಲ್ಲಿ ಭಾರತದ ಸಾಮಾನಿನ ಅಂಗಡಿಗಳಿವೆ, ಅಲ್ಲಿಂದ ತರಿಸಬೇಕು. ಕಪ್ಪಗಿನ ಕಾಳು ಕಂಡರೆ ಉದ್ದು ಅಂದುಕೊಳ್ಳಬೇಡಿ. ಅದು ಅಲಸಂದೆಯ ಜಾತಿ, ದೋಸೆಗೆ ಅರೆದರೆ ಏಳುವುದಿಲ್ಲ.

ಅವರೆಯ ಮಾತು ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಹಾಸ್ಟೆಲಿನಲ್ಲಿ ಚಳಿಗಾಲ ಬಂದರೆ ಅವರೆಕಾಳು ಹುಳಿ ತಿಂದು ಬೆಳೆದವಳು ನಾನು. ಹ್ವೇಯ ಬೀದಿ ಬದಿಯಲ್ಲಿ ಒಂದು ಸಂಜೆ 'ಚೆ ದವ್ ವಾನ್' ಕೊಟ್ಟರು. ಗಟ್ಟಿ ಸಿಹಿ ಗಂಜಿಯಲ್ಲಿ ಇಡೀ ಕಾಳು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಒಣ ಅವರೆ, ಸಿಪ್ಪೆ ಸುಲಿದದ್ದು. ಅವರೆಯಲ್ಲಿ ಪಾಯಸ! ಇನ್ನೊಂದು ಬಟ್ಟಲು ಹಾಕಿಸಿಕೊಂಡೆ.

'ಬುನ್' ಅನ್ನುವ ಹಸಿ ಅಕ್ಕಿ ಶ್ಯಾವಿಗೆ ದಿನಾ ಬೆಳಿಗ್ಗೆ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ನಮ್ಮ ಒತ್ತು ಶ್ಯಾವಿಗೆಯ ತಂಗಿ ಅನ್ನಬಹುದು. ಮನೆಗೆ ತಂದು ಒಗ್ಗರಣೆ, ನಿಂಬೆಹಣ್ಣು, ಕಾಯಿತುರಿ ಹಾಕಿದರೆ ಹತ್ತು ನಿಮಿಷಕ್ಕೆ ತಿಂಡಿ. ಬೆಲ್ಲ, ತೆಂಗಿನ ಹಾಲು ಸೇರಿಸಿದರೆ ಕಾಯಿಹಾಲು ಶ್ಯಾವಿಗೆ. ಮನೆಯೊಡತಿ ಓಗೆ ಇದು ತುಂಬ ಇಷ್ಟವಾಗಿ, ನನ್ನಿಂದ ಒಗ್ಗರಣೆ ಹಾಕುವುದನ್ನು ಕಲಿತರು.

ಹಾಲು ಮೊಸರು ಎರಡೂ ಸಿಗುತ್ತವೆ, ಆದರೆ ಮಾಮೂಲಿಗೆ ಸಕ್ಕರೆ ಹಾಕಿರುತ್ತಾರೆ. 'ಖೋಂಗ್ ದುವಂಗ್' ಅಂದರೆ ಸಕ್ಕರೆ ಇಲ್ಲದ್ದು, ಅದನ್ನು ನೋಡಿ ತನ್ನಿ. ಒಂದು ಡಬ್ಬಿ ಸಪ್ಪೆ ಮೊಸರನ್ನು ಹೆಪ್ಪಿಗೆ ಇಟ್ಟುಕೊಂಡರೆ ಆಮೇಲೆ ಮನೆಯಲ್ಲೇ ಮೊಸರು. ಊಟದ ಕೊನೆಗೆ ಮೊಸರನ್ನ ಇದ್ದರೆ ಯಾವ ಊರೂ ದೂರ ಅನ್ನಿಸುವುದಿಲ್ಲ ನನಗೆ.

ಊರಿಂದ ಏನು ಒಯ್ಯಬೇಕು ಅಂತ ಕೇಳಿದರೆ: ಇಂಗು, ಸಾಸಿವೆ, ಮೆಂತ್ಯ, ಸಾರಿನ ಪುಡಿ, ನೆರಳಲ್ಲಿ ಒಣಗಿಸಿದ ಕರಿಬೇವು, ಎರಡು ಕಿಲೋ ತೊಗರಿಬೇಳೆ, ಎರಡು ಲೀಟರಿನ ಕುಕ್ಕರ್. ಕುಕ್ಕರಿನ ತಳ ಇಂಡಕ್ಷನ್ ಒಲೆಗೆ ಆಗುವಂತಿರಲಿ, ಬಾಡಿಗೆ ಕೋಣೆಗಳಲ್ಲಿ ಅದೇ ಒಲೆ ಜಾಸ್ತಿ. ವಿದ್ಯುತ್ 220 ವೋಲ್ಟ್, ನಮ್ಮ 230ಕ್ಕೆ ಹತ್ತಿರವೇ. ನಮ್ಮ ಎರಡು ಪಿನ್ನಿನ ಪ್ಲಗ್ ಹೋಗುತ್ತದೆ, ಮೂರು ಪಿನ್ನಿನದು ಹೋಗುವುದಿಲ್ಲ. ಮಿಕ್ಸಿ ಒಯ್ಯುವವರು ಅಡಾಪ್ಟರ್ ಮರೆಯಬೇಡಿ. ಅಕ್ಕಿ, ಹುಣಸೆ, ಬೆಲ್ಲ ಹೊತ್ತುಕೊಂಡು ಹೋಗುವುದು ದಂಡ.

ಪಾಠದ ಹೊತ್ತು, ಊಟದ ಹೊತ್ತು

ಭಾಷಾ ಕೇಂದ್ರದ ತರಗತಿಗಳು ಮಕ್ಕಳ ಶಾಲೆ ಬಿಟ್ಟ ಮೇಲೆ. ನನಗೆ ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತರವರೆಗೆ, ಶನಿವಾರ ಭಾನುವಾರ ಬೆಳಿಗ್ಗೆಯಿಂದ. ಊರಿನವರು ಮಧ್ಯಾಹ್ನ ಹನ್ನೊಂದಕ್ಕೇ ಉಂಡು ಒಂದೂವರೆವರೆಗೆ ಮಲಗುತ್ತಾರೆ. ಚಯ್ ಅಂಗಡಿಯಲ್ಲಿ ಹನ್ನೆರಡೂವರೆಗೆ ಹೋದರೆ ತಳ ಕೆರೆದ ಪಾತ್ರೆ ಸಿಗುತ್ತಿತ್ತು. ರಾತ್ರಿ ಒಂಬತ್ತರ ಮೇಲೆ ತೆರೆದಿರುವುದು ಮಾಂಸದ ಅಂಗಡಿಗಳೇ. ಹಸಿದು ಸುಸ್ತಾದಾಗಲೇ ತಪ್ಪುವುದು ಜಾಸ್ತಿ ಅಲ್ವಾ? ಹಾಗಾಗಿ ನಾನು ಹನ್ನೊಂದಕ್ಕೆ ಹೊರಗೆ ಊಟ, ನಾಲ್ಕೂವರೆಗೆ ಮನೆಯಲ್ಲಿ ಹೊಟ್ಟೆ ತುಂಬ ತಿಂಡಿ, ರಾತ್ರಿ ಬಂದು ಮೊಸರನ್ನ ಅಂತ ಕಟ್ಟು ಮಾಡಿಕೊಂಡೆ.

ಊಟದ ವಿಷಯ ತರಗತಿಯೊಳಗೂ ಬರುತ್ತದೆ. ಬರಲಿ. ಮಕ್ಕಳ ಪುಸ್ತಕದಲ್ಲಿ ಆಹಾರದ ಪಾಠ ಇದ್ದೇ ಇರುತ್ತದೆ. ಹನ್ನೊಂದು ಹನ್ನೆರಡು ವಯಸ್ಸಿನ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ, "ಟೀಚರ್, ನೀವು ಕೋಳಿ ತಿನ್ನಲ್ವಾ? ಯಾವತ್ತೂ?" ಆವತ್ತು ಪಾಠ ಯಾವಾಗಲೂ, ಸಾಮಾನ್ಯವಾಗಿ, ಒಮ್ಮೊಮ್ಮೆ, ಎಂದೂ ಇಲ್ಲ ಅನ್ನುವ ಪದಗಳದ್ದು. ಪುಸ್ತಕ ಮುಚ್ಚಿಸಿದೆ. ಬೋರ್ಡಿನ ಮೇಲೆ ನಾಲ್ಕು ಕಂಬ ಎಳೆದು, ನಿಮ್ಮ ಮನೆಯಲ್ಲಿ ಯಾರು ಎಷ್ಟು ಸಲ ಚಯ್ ಉಣ್ಣುತ್ತಾರೆ ಅಂತ ಇಂಗ್ಲಿಷಿನಲ್ಲಿ ಹೇಳಿ ಅಂದೆ. ಅಜ್ಜಿ ತಿಂಗಳಿಗೆ ನಾಲ್ಕು ದಿನ. ಚಿಕ್ಕಮ್ಮ ಭಿಕ್ಷುಣಿ, ಯಾವಾಗಲೂ. ಅಪ್ಪ ಎಂದೂ ಇಲ್ಲ! ಬಾಯಿ ಬಿಡದ ಮಕ್ಕಳೂ ಕೈ ಎತ್ತಿದರು. ಪ್ರಶ್ನೆ ಕೇಳಿದ ಹುಡುಗನ ತಾಯಿ ಆನ್ ಕುವು ಮಾರುಕಟ್ಟೆಯ ಹತ್ತಿರ ದನದ ಮಾಂಸದ ಶ್ಯಾವಿಗೆ ಸಾರು ಮಾರುತ್ತಾರಂತೆ. ಮೊದಲ ದಿನ, ಹುಣ್ಣಿಮೆ ದಿನ ಮಾತ್ರ ಚಯ್ ಸಾರು. "ನೀವು ಬನ್ನಿ, ಅವತ್ತು ಪಾತ್ರೆ ಬೇರೆ" ಅಂದ. ನಾನು ಕೇಳದೆಯೇ ಅವನಿಗೆ ಪಾತ್ರೆಯ ಮಾತು ಹೊಳೆದಿತ್ತು. ಆಮೇಲೆ ಪ್ರತಿ ಹುಣ್ಣಿಮೆಗೆ ನನ್ನ ಬೆಳಗಿನ ತಿಂಡಿ ಅಲ್ಲೇ.

ಪಾಠ ಹೇಳುವವರಿಗೆ ಇನ್ನೊಂದು ಮಾತು. ನಮ್ಮ ಮಕ್ಕಳು 'ರೈಸು', 'ಲೈಕು' ಅಂತ ಕೊನೆಗೆ 'ಉ' ಸೇರಿಸುತ್ತಾರೆ. ಅಲ್ಲಿಯವರು ಕೊನೆಯ ವ್ಯಂಜನ ನುಂಗಿ 'ರೈ', 'ಲೈ' ಅನ್ನುತ್ತಾರೆ. ಊರಲ್ಲಿ ಕಲಿತ ತಿದ್ದುವ ಅಭ್ಯಾಸ ಅಲ್ಲಿ ಉಲ್ಟಾ ಮಾಡಿಕೊಳ್ಳಬೇಕು. ಮೊದಲ ವಾರದಿಂದಲೇ ಕೊನೆಯ ಅಕ್ಷರಕ್ಕೆ ಚಪ್ಪಾಳೆ ಹೊಡೆಸಿ.

ಎಲ್ಲರೂ ಒಂದೇ ಪಾತ್ರೆಗೆ ಕೈ ಹಾಕುವಾಗ

ನವೆಂಬರ್ 20 ಅಲ್ಲಿ ಶಿಕ್ಷಕರ ದಿನ. ಮಕ್ಕಳು ಕೈತುಂಬ ಹೂ ಕೊಡುತ್ತಾರೆ, ಸಂಜೆ ಸಿಬ್ಬಂದಿಯ ಊಟ. ನಡುವೆ ಒಲೆ ಇಟ್ಟು ಕುದಿಯುವ ಸಾರಿನ ಪಾತ್ರೆ, ಅದಕ್ಕೇ ಎಲ್ಲ ಹಾಕಿ ಎಲ್ಲರೂ ತೆಗೆದುಕೊಳ್ಳುವುದು. ಹಿರಿಯರು ಪ್ರೀತಿಗೆ ನಿಮ್ಮ ಬಟ್ಟಲಿಗೆ ತಾವೇ ಕಡ್ಡಿಯಲ್ಲಿ ಎತ್ತಿ ಹಾಕುತ್ತಾರೆ. ನಮ್ಮ ಮದುವೆ ಮನೆಯಲ್ಲಿ ಹೋಳಿಗೆ ಹಾಕುವ ಒತ್ತಾಯ ಗೊತ್ತಲ್ಲ, ಹಾಗೆ. ಅಲ್ಲಿ ಕೂತು 'ಬೇಡ' ಅಂದರೆ ಅವರಿಗೂ ಮುಜುಗರ, ನಿಮಗೂ ಸಂಕಟ.

ಎರಡು ದಿನ ಮೊದಲೇ ಊಟ ಏರ್ಪಡಿಸುವವರಿಗೆ ಹೇಳಿ. ಸಂದೇಶ ಕಳಿಸಿ ಸುಮ್ನೆ ಇರಬೇಡಿ, ಎದುರು ನಿಂತು ಹೇಳಿ. 'ಅನ್ ಚಯ್ ತ್ರುವಂಗ್, ನನಗೆ ಅಣಬೆಯ ಸಣ್ಣ ಪಾತ್ರೆ ಬೇರೆ ಇಡಿಸಬಹುದಾ?' ಇಷ್ಟು ಸಾಕು. ನಾನು ಹೇಳಿದ ವರ್ಷ ನನ್ನ ಪಕ್ಕ ಇನ್ನಿಬ್ಬರು ಬಂದು ಕೂತರು. ಅವರೂ ಆ ದಿನ ಚಯ್ ಅಂತೆ, ಒಬ್ಬರೇ ಕೇಳಲು ಸಂಕೋಚಪಟ್ಟಿದ್ದರು.

ಹೊಸ ವರ್ಷ 'ತೆತ್' ಹಬ್ಬಕ್ಕೆ ಮನೆಮನೆಯಿಂದ ಎಲೆಯಲ್ಲಿ ಕಟ್ಟಿದ ಅಂಟು ಅಕ್ಕಿಯ ಕಡುಬು ಬರುತ್ತದೆ. ಒಳಗೆ ಹೆಸರುಬೇಳೆ ಜೊತೆ ಹಂದಿ ಮಾಂಸ ಇರುವುದೇ ವಾಡಿಕೆ. ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಧನ್ಯವಾದ ಹೇಳಿ, ಆಮೇಲೆ ಪಕ್ಕದ ಮನೆಗೆ ಕೊಡಿ. ಎರಡನೆಯ ವರ್ಷ ಓ ನನಗಾಗಿ ಬರೀ ಬೇಳೆಯ ಕಡುಬು ಎರಡು ಕಟ್ಟಿ, ಗುರುತಿಗೆ ಕೆಂಪು ದಾರ ಸುತ್ತಿದ್ದರು.

ಮಳೆಗೆ ಮುಂಚೆ

ಹ್ವೇಯ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರ್. ಆಗುಂಬೆಯ ಮಳೆ ನೋಡಿದವರಿಗೆ ಹೊಸದಲ್ಲ. ಆದರೆ ಹ್ವೇಯಲ್ಲಿ ಹೊಳೆ ಉಕ್ಕಿ ಬೀದಿಗೆ ಬರುತ್ತದೆ, ಮಾರುಕಟ್ಟೆ ಮುಚ್ಚುತ್ತದೆ. ಹೊರಗಿನಿಂದ ತಂದುಕೊಡುವ ಊಟ ಆಗ ಸಿಕ್ಕಿದ್ದೇ ಸಿಕ್ಕಿದ್ದು, ಅದು ಚಯ್ ಆಗಿರುವ ಖಾತ್ರಿ ಇಲ್ಲ. ಸೆಪ್ಟೆಂಬರ್ ಕೊನೆಗೆ ಐದು ಕಿಲೋ ಅಕ್ಕಿ, ಎರಡು ಕಿಲೋ ಹೆಸರುಬೇಳೆ, ಬೂದುಗುಂಬಳ, ಗೆಣಸು, 'ಚಯ್' ಅಂತ ಬರೆದ ನೂಡಲ್ಸ್ ಪೊಟ್ಟಣ, ಕುಡಿಯುವ ನೀರು ತಂದಿಟ್ಟುಕೊಳ್ಳಿ. ಬಾಡಿಗೆಗೆ ಮನೆ ನೋಡುವಾಗ ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಮಾಲೀಕರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ನೆಲಮಹಡಿ ಬೇಡ.

ಟಿಕೆಟ್ ಮಾಡಿಸುವ ಮುಂಚೆ ಕ್ಯಾಲೆಂಡರ್ ನೋಡಿ. ವಿಯೆಟ್ನಾಂನ ಗೋಡೆ ಕ್ಯಾಲೆಂಡರಿನಲ್ಲಿ ದೊಡ್ಡ ಅಂಕಿಯ ಜೊತೆ ಚಾಂದ್ರಮಾನದ ಸಣ್ಣ ಅಂಕಿಯೂ ಇರುತ್ತದೆ. ನಮ್ಮ ಪಂಚಾಂಗಕ್ಕೂ ಅದಕ್ಕೂ ಕೆಲವೊಮ್ಮೆ ಒಂದು ದಿನ ಹೆಚ್ಚುಕಡಿಮೆ. ಹುಣ್ಣಿಮೆಗೆ ಎರಡು ದಿನ ಇರುವಾಗ ಇಳಿಯುವ ಹಾಗೆ ನೋಡಿಕೊಳ್ಳಿ. ಮೊದಲ ದಿನ ನಿದ್ದೆ, ಎರಡನೆಯ ದಿನ ಮನೆ ಜೋಡಿಸುವುದು. ಮೂರನೆಯ ಬೆಳಿಗ್ಗೆ ಆರಕ್ಕೆ ಹೊರಗೆ ಬಂದರೆ ಬೀದಿಯ ಎಷ್ಟೋ ಅಂಗಡಿಗಳ ಹಲಗೆ ತಿರುಗಿರುತ್ತದೆ. ಎಲ್ಲಿ ತಿರುಗಿದೆ ಅಂತ ನಡೆದು ನೋಡಿ, ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.